ಗೋಡೆ ಬಿಟ್ಟುಹೋದ ಚಿತ್ರ, ಊರು ಬಿಡದ ದೇವಾಲಯ

1123ನೆಯ ಇಸವಿಯ ದಶಂಬರ್ ತಿಂಗಳು. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ನಡುವೆ ಕೋಟೆಯಂತೆ ಹಬ್ಬಿರುವ ಪಿರೆನೀಸ್ ಪರ್ವತಶ್ರೇಣಿಯ ದಕ್ಷಿಣ ಪಾರ್ಶ್ವದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರುವ ತಾವುಲ್ ಎಂಬ ಪುಟ್ಟ ಹಳ್ಳಿಗೆ ಧರ್ಮಾಧ್ಯಕ್ಷರೊಬ್ಬರು ಆಗಮಿಸಿದರು. ಹೆಸರು ರಮೋನ್. ಆ ತಿಂಗಳ 10ರಂದು ಅವರು ಹಳ್ಳಿಯ ಅಂಚಿನಲ್ಲಿ ಸಂತ ಕ್ಲೆಮೆಂಟರ ದೇವಾಲಯವನ್ನು ಅಭಿಷೇಕಿಸಿದರು. ಮರುದಿನ, 11ರಂದು, ಹಳ್ಳಿಯ ನಡುವಿನಲ್ಲಿ ಮಾತೆ ಮರಿಯಮ್ಮನವರ ದೇವಾಲಯವನ್ನು ಅಭಿಷೇಕಿಸಿದರು. ಒಂದೇ ಹಳ್ಳಿ, ಎರಡು ದಿನ, ಎರಡು ದೇವಾಲಯ.

ದಿನಾಂಕ ಇಷ್ಟು ಖಚಿತವಾಗಿ ನಮಗೆ ತಿಳಿದಿರುವುದಕ್ಕೆ ಕಾರಣವಿದೆ. ಸಂತ ಕ್ಲೆಮೆಂಟರ ದೇವಾಲಯದ ಕಂಬವೊಂದರ ಮೇಲೆ ಅಂದಿನ ಜನರು ಲತೀನ್ ಭಾಷೆಯಲ್ಲಿ ಅದನ್ನು ಬಣ್ಣದಿಂದ ಬರೆಸಿದರು. ಬಾರ್ಬಾಸ್ತ್ರೊ ನಗರದ ಧರ್ಮಾಧ್ಯಕ್ಷ ರಮೋನರು ಬಂದು ಈ ದೇವಾಲಯವನ್ನು ಹುತಾತ್ಮ ಸಂತ ಕ್ಲೆಮೆಂಟರ ಗೌರವಾರ್ಥ ಅಭಿಷೇಕಿಸಿದರೆಂದೂ, ಹುತಾತ್ಮ ಸಂತ ಕೊರ್ನೆಲಿಯುಸರ ಪವಿತ್ರ ಅವಶೇಷಗಳನ್ನು ಬಲಿಪೀಠದಲ್ಲಿ ಇರಿಸಿದರೆಂದೂ ಆ ಬರಹ ಹೇಳುತ್ತದೆ. ಸಂತ ಕ್ಲೆಮೆಂಟರು ಪೇತ್ರರ ಪೀಠವನ್ನೇರಿದ ಮೊದಲ ಶತಮಾನದ ಜಗದ್ಗುರುಗಳು. ಅವರ ಹಬ್ಬ ನವಂಬರ್ 23ರಂದು.

ಈ ಬರಹದಲ್ಲಿ ಒಂದು ನೋವಿನ ಎಳೆಯೂ ಇದೆ. ಬಾರ್ಬಾಸ್ತ್ರೊ ನಗರದ ಧರ್ಮಾಧ್ಯಕ್ಷರೆಂದು ಕರೆಯಲ್ಪಟ್ಟ ರಮೋನರು ಆಗ ಆ ನಗರದಲ್ಲಿ ಇರಲಿಲ್ಲ. ಧರ್ಮಪ್ರಾಂತ್ಯಗಳ ಗಡಿವಿವಾದದಲ್ಲಿ ಅವರನ್ನು 1116ರಲ್ಲಿಯೇ ಅಲ್ಲಿಂದ ಹೊರದೂಡಲಾಗಿತ್ತು. ರೋದ ಎಂಬ ಪರ್ವತದೂರಿನಲ್ಲಿ ಅವರು ನೆಲೆಸಿದ್ದರು. ಮೂರು ವರ್ಷಗಳ ಬಳಿಕ, 1126ರಲ್ಲಿ, ಅವರು ದೈವಾಧೀನರಾದರು. ಧರ್ಮಸಭೆ ಅವರನ್ನು ಸಂತರೆಂದು ಗೌರವಿಸುತ್ತದೆ. ಸ್ವಂತ ಪೀಠದಿಂದ ದೂರವಾದ ಕುರುಬರೊಬ್ಬರು ಬೆಟ್ಟದ ಜನರಿಗೆ ಎರಡು ಸ್ಥಿರವಾದ ಬಲಿಪೀಠಗಳನ್ನು ಕೊಟ್ಟುಹೋದರು.

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿ ಸೆಮಿನರಿಯಲ್ಲಿದ್ದ ಕಾಲಕ್ಕೆ ನಾನು ಈ ದೇವಾಲಯದ ಪ್ರಭು ಯೇಸುವಿನ ಚಿತ್ರವನ್ನು ಗ್ರಂಥಾಲಯದ ಪುಸ್ತಕವೊಂದರಲ್ಲಿ ಮೊದಲಬಾರಿಗೆ ಕಂಡೆ. ಚಿತ್ರದ ಅಡಿಯಲ್ಲಿ ಎರಡು ಊರುಗಳ ಹೆಸರಿತ್ತು: ತಾವುಲ್ ಮತ್ತು ಬಾರ್ಸಿಲೋನಾ. ದೇವಾಲಯ ಒಂದೂರಿನಲ್ಲಿ, ಅದರ ಚಿತ್ರ ಇನ್ನೊಂದೂರಿನಲ್ಲಿ! ಗೋಡೆಯ ಚಿತ್ರ ಗೋಡೆಯನ್ನು ಬಿಟ್ಟು ಹೋಗುವುದಾದರೂ ಹೇಗೆ? ಹೋದರೆ, ಉಳಿದ ದೇವಾಲಯವು ಏನಾಗಿ ಉಳಿಯುತ್ತದೆ? ಅಂದು ಹುಟ್ಟಿದ ಈ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಕಣಿವೆಯ ಕಲ್ಲುಗಳು

ತಾವುಲ್ ಇರುವುದು ಸ್ಪೇನಿನ ಕೆಟಲೋನಿಯಾ ಪ್ರಾಂತದ ಬೊಯಿ ಕಣಿವೆಯಲ್ಲಿ. ಬಡ ಪಶುಪಾಲಕರ ಕಣಿವೆಯಿದು. ಚಳಿಗಾಲದಲ್ಲಿ ಹಿಮ ಬಿದ್ದು ಹಾದಿಗಳು ಮುಚ್ಚುತ್ತಿದ್ದವು. ಇಂತಹ ಸ್ಥಳದಲ್ಲಿ 11 ಮತ್ತು 12ನೆಯ ಶತಮಾನಗಳಲ್ಲಿ ಹಳ್ಳಿಗೊಂದರಂತೆ ದೇವಾಲಯಗಳು ಎದ್ದುನಿಂತದ್ದು ಅಚ್ಚರಿಯ ಸಂಗತಿ. ಎರಿಲ್ ಮನೆತನದ ಸಾಮಂತರು ಅರಗೋನಿನ ಅರಸನ ಯುದ್ಧಗಳಲ್ಲಿ ಭಾಗವಹಿಸಿ ಗಳಿಸಿದ ಸಂಪತ್ತಿನ ಪಾಲು ಇಲ್ಲಿ ವಿನಿಯೋಗವಾಯಿತೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಈ ಕಣಿವೆಯ 9 ದೇವಾಲಯಗಳನ್ನು ಯುನೆಸ್ಕೊ ಸಂಸ್ಥೆಯು 2000ನೆಯ ಇಸವಿಯಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವುಗಳ ಶಿಲ್ಪಶೈಲಿಯನ್ನು ರೋಮನೆಸ್ಕ್ ಎಂದು ಕರೆಯುತ್ತಾರೆ. ಅದರಲ್ಲಿಯೂ ಇದು ಉತ್ತರ ಇಟಲಿಯ ಲೊಂಬಾರ್ದಿ ಪ್ರಾಂತದ ಮೇಸ್ತ್ರಿಗಳಿಂದ ಬಂದ ಪದ್ಧತಿ. ಸಣ್ಣ ಗಾತ್ರಕ್ಕೆ ಒಡೆದು ಹದಮಾಡಿದ ಕಲ್ಲುಗಳ ಸಾಲುಗಳು, ಗೋಡೆಯ ಹೊರಮೈಯಲ್ಲಿ ಕಿರಿದಾದ ಕುರುಡು ಕಮಾನುಗಳ ಸರಣಿ, ಅವುಗಳ ನಡುವೆ ಗರಗಸದ ಹಲ್ಲುಗಳಂತಹ ಕಲ್ಲಿನ ಪಟ್ಟಿ. ಅಲಂಕಾರವೆಂದರೆ ಇಷ್ಟೆ. ಶಿಲೆಯಲ್ಲಿ ಹೂಬಳ್ಳಿ ಕೆತ್ತುವ ಗೋಜಿಗೆ ಇವರು ಹೋಗಲಿಲ್ಲ.

ಸಂತ ಕ್ಲೆಮೆಂಟರ ದೇವಾಲಯದ ಒಳಗೆ ಮೂರು ಅಂಕಣಗಳಿವೆ. ಅವುಗಳನ್ನು ಬೇರ್ಪಡಿಸುವವು ಉರುಟಾದ ದಪ್ಪ ಕಲ್ಲುಕಂಬಗಳು. ಮೇಲೆ ಕಲ್ಲಿನ ಕಮಾನು ಛಾವಣಿಯಿಲ್ಲ. ಮರದ ತೊಲೆಗಳ ಇಳಿಜಾರು ಮಾಡು, ಅದರ ಮೇಲೆ ಹಲಗೆಗಲ್ಲಿನ ಹೊದಿಕೆ. ಪೂರ್ವ ದಿಕ್ಕಿನಲ್ಲಿ, ಅಂಕಣಕ್ಕೊಂದರಂತೆ, ಮೂರು ಅರ್ಧವೃತ್ತಾಕಾರದ ಕೊನೆಗಳಿವೆ. ನಡುವಿನದು ದೊಡ್ಡದು. ಪ್ರಧಾನ ಬಲಿಪೀಠದ ಸ್ಥಾನ ಅದು. ಸೂರ್ಯೋದಯದ ದಿಕ್ಕು ಪುನರುತ್ಥಾನದ ದಿಕ್ಕೆಂಬ ಪ್ರಾಚೀನ ಕ್ರೈಸ್ತರ ಭಾವನೆಯೇ ಈ ವಿನ್ಯಾಸದ ಹಿಂದಿರುವ ದೇವಶಾಸ್ತ್ರ.

ದೂರದಿಂದಲೇ ಕಣ್ಸೆಳೆಯುವುದು ಘಂಟಾಗೋಪುರ. ದೇವಾಲಯದ ಪಕ್ಕದಲ್ಲಿ, ಚೌಕಾಕಾರದ ತಳಹದಿಯ ಮೇಲೆ, 6 ಅಂತಸ್ತುಗಳಾಗಿ ಅದು ಮೇಲೇರುತ್ತದೆ. ಎಲ್ಲ ಪಾರ್ಶ್ವಗಳಿಂದಲೂ ಕಿಟಕಿಗಳು ತೆರೆದಿರುವುದರಿಂದ ಅಷ್ಟೊಂದು ಕಲ್ಲಿನ ಭಾರವು ಕಣ್ಣಿಗೆ ಹಗುರವಾಗಿ ತೋರುತ್ತದೆ. ಕಣಿವೆಯಲ್ಲಿರುವ ಎರಿಲ್ ಲಾ ವಾಲ್ ಎಂಬ ಹಳ್ಳಿಯ ಸಂತ ಎವುಲಾಲಿಯಳ ದೇವಾಲಯಕ್ಕೂ ಇಂತಹುದೇ ಗೋಪುರವಿದೆ. ಒಂದು ಹಳ್ಳಿಯ ಜನ ಇನ್ನೊಂದು ಹಳ್ಳಿಯ ಇರವನ್ನು ಗೋಪುರದಿಂದಲೇ ಗುರುತಿಸುತ್ತಿದ್ದರು. ಪ್ರಾರ್ಥನೆಯ ಕರೆ, ಸಾವಿನ ಸುದ್ದಿ, ಅಪಾಯದ ಎಚ್ಚರಿಕೆ ಇವೆಲ್ಲವೂ ಘಂಟೆಯ ನಾದವಾಗಿಯೇ ಬೆಟ್ಟದಿಂದ ಬೆಟ್ಟಕ್ಕೆ ಹರಿಯುತ್ತಿದ್ದವು.

ಗೋಡೆಯ ಮೇಲಿನ ಪ್ರಭು

ಹೊರಗೆ ಇಷ್ಟೊಂದು ಸರಳವಾಗಿದ್ದ ದೇವಾಲಯದ ಒಳಗೆ ಬಣ್ಣದ ಲೋಕವೇ ತುಂಬಿತ್ತು. ಕಲಾವಿದನ ಹೆಸರು ಯಾರಿಗೂ ತಿಳಿಯದು. ತಾವುಲಿನ ಗುರುವೆಂದೇ ಕಲಾ ಇತಿಹಾಸವು ಆತನನ್ನು ಕರೆಯುತ್ತದೆ. ಹಸಿ ಸುಣ್ಣದ ಗಾರೆ ಆರುವ ಮೊದಲೇ ಬಣ್ಣವಿಟ್ಟು, ಗಾರೆಯೊಡನೆ ಬಣ್ಣವೂ ಒಂದಾಗಿ ಗಟ್ಟಿಯಾಗುವ ಭಿತ್ತಿಚಿತ್ರದ ವಿಧಾನವದು. ಆತ ಬಳಸಿದ ನೀಲಿಯು ಏರಿನೈಟ್ ಎಂಬ ಖನಿಜದಿಂದ ತಯಾರಾದುದು. ಅದು ಪಿರೆನೀಸ್ ಪರ್ವತಗಳಲ್ಲಿಯೇ ದೊರೆಯುವಂತಹುದು. ಬೆಟ್ಟದ ಮಣ್ಣೇ ಸ್ವರ್ಗದ ನೀಲಿಯಾಯಿತು ಎನ್ನಬಹುದು.

ಬಲಿಪೀಠದ ಮೇಲಿನ ಅರ್ಧಗುಮ್ಮಟದಲ್ಲಿ ಬಾದಾಮಿಯಾಕಾರದ ಪ್ರಭಾವಳಿಯೊಳಗೆ ಪ್ರಭು ಯೇಸು ಆಸೀನರಾಗಿದ್ದಾರೆ. ಬಲಗೈ ಆಶೀರ್ವದಿಸುತ್ತಿದೆ. ಎಡಗೈಯಲ್ಲಿ ತೆರೆದ ಗ್ರಂಥ. ತಾನೇ ಲೋಕದ ಬೆಳಕೆಂದು ಪ್ರಭುವು ಸಾರಿದ ಮಾತು ಅದರ ಮೇಲೆ ಲತೀನಿನಲ್ಲಿದೆ. ಇಕ್ಕೆಲಗಳಲ್ಲಿ ಆದಿ ಅಂತ್ಯಗಳನ್ನು ಸೂಚಿಸುವ ಆಲ್ಫಾ ಮತ್ತು ಒಮೇಗಾ ಅಕ್ಷರಗಳು. ಸುತ್ತಲೂ ನಾಲ್ವರು ಶುಭಸಂದೇಶಕಾರರ ಸಂಕೇತಗಳು. ದೊಡ್ಡ ಕಣ್ಣುಗಳು, ಹೆಗಲಿಗಿಳಿದ ಕೂದಲು, ಕಿಂಚಿತ್ತೂ ನಗದ ಮುಖ. ಪ್ರಕಟನಾ ಗ್ರಂಥದ ನ್ಯಾಯಾಧಿಪತಿ ಇವರು. ಆದರೂ ಆ ನೋಟದಲ್ಲಿ ಭಯಕ್ಕಿಂತ ಗಾಂಭೀರ್ಯವೇ ಹೆಚ್ಚು.

ಅವರ ಪಾದಗಳ ಕೆಳಗಿನ ಸಾಲಿನಲ್ಲಿ ಮಾತೆ ಮರಿಯಮ್ಮನವರೂ ಪ್ರೇಷಿತರೂ ನಿಂತಿದ್ದಾರೆ. ಮರಿಯಮ್ಮನವರು ವಸ್ತ್ರದಿಂದ ಮುಚ್ಚಿದ ಕೈಯಲ್ಲಿ ಬಟ್ಟಲೊಂದನ್ನು ಹಿಡಿದಿದ್ದಾರೆ. ಅದರಿಂದ ಕಿರಣಗಳು ಹೊಮ್ಮುತ್ತಿವೆ. ಪರಮಪ್ರಸಾದದ ಆಶೀರ್ವಾದ ನೀಡುವಾಗ ಹೆಗಲ ವಸ್ತ್ರದಿಂದ ಕೈಗಳನ್ನು ಮುಚ್ಚಿಕೊಳ್ಳುವ ಯಾವ ಗುರುವಿಗೂ ಈ ಭಂಗಿ ಅಪರಿಚಿತವಲ್ಲ. ಅವರ ಸಾಲಿನಲ್ಲಿಯೇ ಸಂತ ತೋಮ ಮತ್ತು ಸಂತ ಬಾರ್ತಲೋಮಾಯರಿದ್ದಾರೆ. ನಮ್ಮ ದೇಶಕ್ಕೆ ಶುಭಸಂದೇಶವನ್ನು ತಂದರೆಂದು ಪರಂಪರೆ ಹೇಳುವ ಪ್ರೇಷಿತರು ಇವರೇ ಇಬ್ಬರು.

ನನ್ನ ಮನಸ್ಸನ್ನು ಹೆಚ್ಚಾಗಿ ಕಲಕುವುದು ಇವರಾರೂ ಅಲ್ಲ. ಮುಂಭಾಗದ ಕಮಾನಿನ ಬದಿಯಲ್ಲಿ ಭಿಕ್ಷುಕ ಲಾಜರನಿದ್ದಾನೆ. ಸಿರಿವಂತನ ಬಾಗಿಲಲ್ಲಿ ಬಿದ್ದಿರುವ ಅವನ ಹುಣ್ಣುಗಳನ್ನು ನಾಯಿ ನೆಕ್ಕುತ್ತಿದೆ. ಪ್ರಭುವಿನ ಮಹಿಮೆಯನ್ನು ನೋಡಲು ತಲೆಯೆತ್ತುವ ಭಕ್ತನು ಬಾಗಿಲ ಬಳಿಯ ಬಡವನನ್ನೂ ನೋಡಲೇಬೇಕೆಂಬಂತೆ ಆ ಕಲಾವಿದನು ಏರ್ಪಡಿಸಿದ್ದಾನೆ. ಅಕ್ಷರ ಬಾರದ ದನಗಾಹಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಬೋಧನೆ ಬೇಕಿತ್ತೇ?

ಬಣ್ಣ ಗೋಡೆಯನ್ನು ಬಿಟ್ಟಿತು

ಕಾಲ ಉರುಳಿತು. ಅಭಿರುಚಿ ಬದಲಾಯಿತು. ಹಳೆಯ ಚಿತ್ರದ ಮುಂದೆ ಗೋಥಿಕ್ ಶೈಲಿಯ ಎತ್ತರದ ಬಲಿಪೀಠಫಲಕ ಬಂತು. ಪ್ರಭುವಿನ ಚಿತ್ರವು ಅದರ ಹಿಂದೆ ಮರೆಯಾಯಿತು. 1907ರಲ್ಲಿ ಬಾರ್ಸಿಲೋನಾದ ಕೆಟಲಾನ್ ಅಧ್ಯಯನ ಸಂಸ್ಥೆಯ ವಿದ್ವಾಂಸರ ತಂಡವೊಂದು ವಾಸ್ತುಶಿಲ್ಪಿ ಪುಯಿಗ್ ಇ ಕದಫಲ್ಕ್ ಅವರ ನೇತೃತ್ವದಲ್ಲಿ ಈ ಪರ್ವತಗಳಿಗೆ ಬಂತು. ಅವರು ಚಿತ್ರಗಳನ್ನು ಗುರುತಿಸಿ, ಛಾಯಾಚಿತ್ರ ತೆಗೆದು, ಪ್ರಕಟಿಸಿದರು. ಲೋಕಕ್ಕೆ ಈ ಸಂಪತ್ತಿನ ಅರಿವಾಯಿತು. ಅರಿವಿನ ಹಿಂದೆಯೇ ಆಸೆಯೂ ಬಂತು.

ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಕಲಾವಸ್ತುಗಳ ವ್ಯಾಪಾರಿಗಳು ಪಿರೆನೀಸ್ ದೇವಾಲಯಗಳನ್ನು ಒಂದೊಂದಾಗಿ ಸುತ್ತತೊಡಗಿದರು. ಗೋಡೆಯಿಂದ ಚಿತ್ರವನ್ನು ಸುಲಿದು ತೆಗೆಯುವ ವಿದ್ಯೆ ಇಟಲಿಯಲ್ಲಿತ್ತು. ಸ್ತ್ರಾಪ್ಪೊ ಎಂದು ಅದರ ಹೆಸರು. ಚಿತ್ರದ ಮೇಲೆ ಪ್ರಾಣಿಜನ್ಯ ಅಂಟನ್ನು ಸವರಿ ಬಟ್ಟೆಯನ್ನು ಹಚ್ಚುತ್ತಾರೆ. ಅಂಟು ಒಣಗಿ ಬಿಗಿಯುತ್ತದೆ. ಆಗ ಬಟ್ಟೆಯನ್ನು ಎಳೆದರೆ ಬಣ್ಣದ ತೆಳುಪದರ ಅದರೊಡನೆ ಎದ್ದುಬರುತ್ತದೆ. ಅದನ್ನು ಸುರುಳಿ ಸುತ್ತಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಹೀಗೆ ಮುರ್ ಎಂಬ ಊರಿನ ಮರಿಯಮ್ಮನವರ ದೇವಾಲಯದ ಚಿತ್ರವು ಸಂಗ್ರಾಹಕರೊಬ್ಬರ ಕೈಸೇರಿ, 1921ರಲ್ಲಿ ಅಮೇರಿಕಾದ ಬೋಸ್ಟನ್ ನಗರದ ಕಲಾ ಸಂಗ್ರಹಾಲಯದ ಪಾಲಾಯಿತು. ಇಂದಿಗೂ ಅದು ಅಲ್ಲಿಯೇ ಇದೆ.

ಬಾರ್ಸಿಲೋನಾದ ಸಂಗ್ರಹಾಲಯ ಮಂಡಳಿಗೆ ಎಚ್ಚರವಾಯಿತು. ಉಳಿದ ಚಿತ್ರಗಳನ್ನು ಮಂಡಳಿಯೇ ಕೊಂಡುಕೊಂಡಿತು. ವ್ಯಾಪಾರಿಗಳು ಕರೆಸಿದ್ದ ಇಟಲಿಯ ತಜ್ಞ ಫ್ರಾಂಕೊ ಸ್ತೆಫನೋನಿಯವರನ್ನೇ ನೇಮಿಸಿ 1919 ಮತ್ತು 1923ರ ನಡುವೆ ಅವುಗಳನ್ನು ಗೋಡೆಗಳಿಂದ ಬಿಡಿಸಲಾಯಿತು. ತಾವುಲಿನ ಎರಡು ದೇವಾಲಯಗಳ ಚಿತ್ರಗಳೂ ಸುರುಳಿಗಳಾಗಿ ಹೇಸರಗತ್ತೆಗಳ ಬೆನ್ನೇರಿ ಬೆಟ್ಟವಿಳಿದವು. ಹೀಗೆ ಅಭಿಷೇಕದ 800 ವರ್ಷ ತುಂಬುವ ಕಾಲಕ್ಕೆ ಸಂತ ಕ್ಲೆಮೆಂಟರ ಬಲಿಪೀಠದ ಹಿಂದಿನ ಗೋಡೆ ಬರಿದಾಯಿತು.

ಇದನ್ನು ಕೊಳ್ಳೆಯೆನ್ನೋಣವೇ, ರಕ್ಷಣೆಯೆನ್ನೋಣವೇ? ಆತುರದ ತೀರ್ಪು ಸಲ್ಲದು. ಮಂಡಳಿಯು ಮುಂದಾಗದಿದ್ದರೆ ತಾವುಲಿನ ಪ್ರಭುವೂ ಸಾಗರ ದಾಟುವ ಸಂಭವವಿತ್ತು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಆರಂಭವಾದಾಗ ಕೆಟಲೋನಿಯಾದಲ್ಲಿ ಅದೆಷ್ಟೋ ದೇವಾಲಯಗಳು ಬೆಂಕಿಗೆ ಆಹುತಿಯಾದವು. ಸಂಗ್ರಹಾಲಯದ ಚಿತ್ರಗಳನ್ನು ಆಗ ಸುರಕ್ಷಿತ ಸ್ಥಳಕ್ಕೆ ಸಾಗಿಸಲಾಯಿತು. ಹೀಗೆ ಅವು ಉಳಿದುಕೊಂಡವು. ಆದರೆ ಉಳಿದದ್ದಕ್ಕೆ ಬೆಲೆಯೂ ಇತ್ತು. ಆ ಚಿತ್ರದ ಎದುರು ಮೊಣಕಾಲೂರುವ ಸ್ಥಳ ಇಂದು ಬಾರ್ಸಿಲೋನಾದ ಸಂಗ್ರಹಾಲಯದಲ್ಲಿಲ್ಲ. ನಿಂತು ನೋಡುವ ಸ್ಥಳ ಮಾತ್ರ ಇದೆ.

ಒಂದೇ ನಾಡಿನ ಇಬ್ಬರು

ಕರಾವಳಿಯ ಓದುಗರಿಗೆ ಇಲ್ಲಿ ಒಂದು ವಿಷಯವನ್ನು ತಿಳಿಸಬೇಕು. ಸ್ತೆಫನೋನಿಯವರು ಇಟಲಿಯ ಲೊಂಬಾರ್ದಿ ಪ್ರಾಂತದ ಬೆರ್ಗಮೊ ನಗರದವರು. ಅದೇ ಬೆರ್ಗಮೊ ಬಳಿಯ ಸ್ತೆತ್ಸಾನೊ ಎಂಬ ಊರಿನಲ್ಲಿ 1854ರಲ್ಲಿ ಜನಿಸಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರನ್ನು ನಾವು ಮರೆಯುವಂತಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ ಮತ್ತು ಛಾವಣಿಗಳನ್ನು 1899ರಿಂದ ಚಿತ್ರಗಳಿಂದ ತುಂಬಿದವರು ಅವರೇ. ಒಂಬತ್ತು ಶತಮಾನಗಳ ಹಿಂದೆ ತಾವುಲಿಗೆ ಕಲ್ಲು ಕಟ್ಟುವ ಕ್ರಮ ಬಂದದ್ದು ಲೊಂಬಾರ್ದಿಯಿಂದ. ಅಲ್ಲಿನ ಚಿತ್ರವನ್ನು ಬಿಡಿಸಿಕೊಂಡ ಕೈಯೂ ಲೊಂಬಾರ್ದಿಯದೇ. ನಮ್ಮ ಗೋಡೆಗೆ ಚಿತ್ರವನ್ನು ಕೊಟ್ಟ ಕೈಯೂ ಅದೇ ನಾಡಿನದು. ವಿದ್ಯೆ ಎಲ್ಲಿಂದಲೋ ಬರುತ್ತದೆ. ಅದರಿಂದ ಏನನ್ನು ಮಾಡಿಸಿಕೊಳ್ಳುತ್ತೇವೆಂಬುದು ಆಯಾ ಊರಿನ ಜನರಿಗೆ ಬಿಟ್ಟದ್ದು.

ದ್ರವ್ಯವೇ, ಗುಣವೇ?

ಸೆಮಿನರಿಯಲ್ಲಿ ನಾವು ಅರಿಸ್ಟಾಟಲ್ ಮತ್ತು ಸಂತ ತೋಮಸ್ ಅಕ್ವಿನಾಸರನ್ನು ಓದುತ್ತಿದ್ದೆವು. ಒಂದು ವಸ್ತುವನ್ನು ಅದೇ ವಸ್ತುವನ್ನಾಗಿ ಮಾಡುವುದು ದ್ರವ್ಯ. ಇದ್ದರೂ ಹೋದರೂ ವಸ್ತುವಿನ ಸ್ವರೂಪವನ್ನು ಕೆಡಿಸದಿರುವುದು ಗುಣ. ಈ ಸೂತ್ರವನ್ನು ಹಿಡಿದು ನಾನು ಸಹಪಾಠಿಗಳೊಡನೆ ವಾದಿಸುತ್ತಿದ್ದೆ: ಬಲಿಪೀಠ, ಬಲಿಪೂಜೆ, ವಿಶ್ವಾಸಿಗಳ ಸಭೆ, ಇವೇ ದೇವಾಲಯದ ದ್ರವ್ಯ. ಬಣ್ಣ, ಕೆತ್ತನೆ, ಗೋಪುರ ಎಲ್ಲವೂ ಗುಣ. ಆದುದರಿಂದ ಚಿತ್ರ ಹೋದರೆ ದೇವಾಲಯಕ್ಕೆ ನಷ್ಟವಿಲ್ಲ!

ಈ ವಾದದ ಬೆಲೆಯನ್ನು ನಾನು ಬಳಿಕ ತೆತ್ತೆ. ಯುವಗುರುವಾಗಿ ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಹಳೆಯ ಮರದ ಬಲಿಪೀಠಫಲಕವಿತ್ತು. ಗೆದ್ದಲು ಹಿಡಿದಿತ್ತು, ಬಣ್ಣ ಕಳೆದಿತ್ತು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಅದನ್ನು ತೆಗೆಸಿ, ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರಿಗೆ ಅಲ್ಪ ಬೆಲೆಗೆ ಕೊಟ್ಟುಬಿಟ್ಟೆವು. ಆ ಸ್ಥಳಕ್ಕೆ ಹೊಳೆಯುವ ಗ್ರಾನೈಟ್ ಬಂತು. ನಿರ್ಧಾರಕ್ಕೆ ನಾನೇ ಮುಂದಾಗಿದ್ದೆ. ಮುಂದಿನ ಭಾನುವಾರ ಪೂಜೆಯ ಬಳಿಕ ಹಿರಿಯ ಮಹಿಳೆಯೊಬ್ಬರು ಬಂದು ಮೆಲ್ಲನೆ ಹೇಳಿದರು: "ಫಾದರ್, ನನ್ನ ಮದುವೆಯ ದಿನವೂ ಆ ಅಲ್ತಾರನ್ನೇ ನೋಡುತ್ತಿದ್ದೆ. ನಮ್ಮ ಮನೆಯವರ ಪೆಟ್ಟಿಗೆ ತಂದಿಟ್ಟ ದಿನವೂ ಅದನ್ನೇ ನೋಡುತ್ತಿದ್ದೆ. ಇನ್ನು ನಾನು ಎಲ್ಲಿ ನೋಡಲಿ?" ದ್ರವ್ಯ ಗುಣಗಳ ಸೂತ್ರ ನನ್ನ ನಾಲಗೆಯ ತುದಿಯಲ್ಲಿಯೇ ಇತ್ತು. ಹೇಳಲು ಧೈರ್ಯ ಬರಲಿಲ್ಲ.

ಬಾರ್ಸಿಲೋನಾದಲ್ಲಿ ನಡೆದ ಒಂದು ಸಂಗತಿ ನನ್ನ ತಪ್ಪನ್ನು ತಿಳಿಯಪಡಿಸಿತು. ತಾವುಲಿನಿಂದ ಬಂದ ಸುರುಳಿಯನ್ನು ಬಿಚ್ಚಿದವರಿಗೆ ಆ ಚಿತ್ರವನ್ನು ಸಮತಟ್ಟಾದ ಗೋಡೆಗೆ ಹಚ್ಚಿ ತೋರಿಸಲಾಗಲಿಲ್ಲ. ಅದು ಅರ್ಧಗುಮ್ಮಟದ ಬಾಗಿಗೆಂದೇ ಬರೆದ ಚಿತ್ರ. ಆದುದರಿಂದ ಸಂಗ್ರಹಾಲಯದೊಳಗೆ ಮರದ ಚೌಕಟ್ಟಿನಿಂದ ದೇವಾಲಯದ ಆ ಬಾಗನ್ನೇ ಮತ್ತೊಮ್ಮೆ ಕಟ್ಟಬೇಕಾಯಿತು. ಚಿತ್ರವು ಗೋಡೆಯನ್ನು ಬಿಟ್ಟಿತು, ಗೋಡೆಯ ಆಕಾರ ಮಾತ್ರ ಚಿತ್ರವನ್ನು ಬಿಡಲಿಲ್ಲ. ನಾವು ಗುಣವೆಂದು ಕರೆದು ಬದಿಗೆ ಸರಿಸುವ ವಸ್ತುವು ತಾನು ಇದ್ದ ಸ್ಥಳವನ್ನು ತನ್ನೊಳಗೆ ಹೊತ್ತಿರುತ್ತದೆ. ಆ ವೃದ್ಧ ಮಹಿಳೆಯ ಕಣ್ಣುಗಳಲ್ಲಿಯೂ ನಮ್ಮ ಹಳೆಯ ಬಲಿಪೀಠವು ಹಾಗೆಯೇ ಉಳಿದಿತ್ತು. ಮಾನವನು ದೇಹವುಳ್ಳವನು. ಅವನ ಪ್ರಾರ್ಥನೆಗೂ ಕಣ್ಣು ಬೇಕು, ಮೊಣಕಾಲು ಬೇಕು, ಪರಿಚಿತವಾದ ಒಂದು ಮೂಲೆ ಬೇಕು. ದೇವರೇ ಮನುಷ್ಯದೇಹವನ್ನು ಧರಿಸಿದರೆಂದು ನಂಬುವ ನಾವು ಇದನ್ನು ಹಗುರವಾಗಿ ಕಾಣಲಾಗದು.

ಹಳ್ಳಿಯ ನಡುವಿನ ದೇವಾಲಯ

ಇಂದು ತಾವುಲಿಗೆ ಬರುವ ಪ್ರವಾಸಿಗರು ಮೊದಲು ಹೋಗುವುದು ಸಂತ ಕ್ಲೆಮೆಂಟರ ದೇವಾಲಯಕ್ಕೆ. ಪ್ರವೇಶಕ್ಕೆ ಟಿಕೇಟು ಇದೆ. ಬಲಿಪೀಠದ ಹಿಂದೆ ಬಹುಕಾಲ ಚಿತ್ರದ ಪ್ರತಿಯೊಂದನ್ನು ಇರಿಸಲಾಗಿತ್ತು. 2013ರಲ್ಲಿ ಹೊಸ ಏರ್ಪಾಡಾಯಿತು. ಗೋಡೆಯಲ್ಲಿ ಉಳಿದಿದ್ದ ಮೂಲಚಿತ್ರದ ತುಣುಕುಗಳನ್ನು ಕಾಣಿಸುವಂತೆ ಮಾಡಿ, ಇಡೀ ಚಿತ್ರವನ್ನು ಬೆಳಕಿನ ಕಿರಣಗಳಿಂದ ಗೋಡೆಯ ಮೇಲೆ ಮೂಡಿಸಲಾಗುತ್ತಿದೆ. ಕೆಲವು ನಿಮಿಷ ಪ್ರಭು ಮರಳಿ ಬರುತ್ತಾರೆ. ಬೆಳಕು ಆರಿದಾಗ ಗೋಡೆ ಮತ್ತೆ ಬರಿದು.

ಅಲ್ಲಿಂದ ಸ್ವಲ್ಪ ಮೇಲೆ, ಮನೆಗಳ ನಡುವೆ, ಎರಡನೆಯ ದಿನ ಅಭಿಷೇಕಗೊಂಡ ಮಾತೆ ಮರಿಯಮ್ಮನವರ ದೇವಾಲಯವಿದೆ. ಅದೂ ತನ್ನ ಚಿತ್ರಗಳನ್ನು ಕಳೆದುಕೊಂಡಿದೆ. ಬಾಲಯೇಸುವನ್ನು ಮಡಿಲಲ್ಲಿಟ್ಟುಕೊಂಡು ಸಿಂಹಾಸನದಲ್ಲಿ ಕುಳಿತ ತಾಯಿ ಮತ್ತು ಕಾಣಿಕೆ ಹಿಡಿದು ಬಂದ ಮೂವರು ಜ್ಞಾನಿಗಳು, ಎಲ್ಲರೂ ಬಾರ್ಸಿಲೋನಾದಲ್ಲಿದ್ದಾರೆ. ಗೋಡೆಯ ಮೇಲಿರುವುದು ಪ್ರತಿ. ಆದರೆ ತಾವುಲಿನ ಧರ್ಮಕೇಂದ್ರದ ದೇವಾಲಯವಾಗಿ ಉಳಿದಿರುವುದು ಇದುವೇ. ಹಳ್ಳಿ ಇದನ್ನು ಬಿಟ್ಟುಹೋಗಲಿಲ್ಲ, ಇದೂ ಹಳ್ಳಿಯನ್ನು ಬಿಡಲಿಲ್ಲ. ಬೇಸಗೆಯಲ್ಲಿ ಬೆಟ್ಟದ ಮೇಲಿಂದ ಉರಿಯುವ ದೀವಟಿಗೆಗಳನ್ನು ಹೊತ್ತು ಊರಿಗೆ ಇಳಿಯುವ ಪುರಾತನ ಹಬ್ಬವನ್ನು ಜನರು ಇಂದಿಗೂ ಆಚರಿಸುತ್ತಾರೆ. ಪಿರೆನೀಸಿನ ಈ ಅಗ್ನಿಹಬ್ಬಗಳಿಗೆ 2015ರಲ್ಲಿ ಯುನೆಸ್ಕೊ ಮನ್ನಣೆ ದೊರೆಯಿತು.

ಚಿತ್ರವಿಲ್ಲದೆಯೂ ದೇವಾಲಯವು ದೇವಾಲಯವಾಗಿ ಉಳಿಯಬಲ್ಲುದು ಎಂಬ ನನ್ನ ಹಳೆಯ ವಾದವನ್ನು ಮರಿಯಮ್ಮನವರ ದೇವಾಲಯವು ಸಮರ್ಥಿಸುತ್ತದೆ. ಚಿತ್ರ ಹೋದರೆ ನಷ್ಟವಿಲ್ಲ ಎಂಬ ವಾದವನ್ನು ಸಂತ ಕ್ಲೆಮೆಂಟರ ಬರಿಗೋಡೆ ತಳ್ಳಿಹಾಕುತ್ತದೆ. ಎರಡೂ ನಿಜ. ಎರಡನ್ನೂ ನಾವು ಒಟ್ಟಿಗೆ ಹಿಡಿದಿರಬೇಕು.

ಪ್ರಿಯ ಓದುಗರೇ, ತಾವುಲಿನ ಪ್ರಭುವು ವ್ಯಾಪಾರಿಗಳು ಬಂದ ದಿನ ಕಳೆದುಹೋದುದಲ್ಲ. ಅದಕ್ಕೂ ಶತಮಾನಗಳ ಮೊದಲು, ಅವರ ಮುಂದೆ ಫಲಕವನ್ನು ನಿಲ್ಲಿಸಿ ಜನರು ಅವರನ್ನು ನೋಡುವುದನ್ನು ಬಿಟ್ಟ ದಿನವೇ ನಷ್ಟ ಆರಂಭವಾಗಿತ್ತು. ನೋಡುವುದನ್ನು ನಿಲ್ಲಿಸಿದ ವಸ್ತುವನ್ನು ಮಾರುವುದು ಸುಲಭ. ಮುಂದಿನ ಭಾನುವಾರ ನಿಮ್ಮ ಇಗರ್ಜಿಗೆ ಹೋದಾಗ ಪೂಜೆಗೆ ಹತ್ತು ನಿಮಿಷ ಮೊದಲೇ ತಲುಪಿರಿ. ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ದು, ಹಳೆಯ ಸ್ವರೂಪದ ಮುಂದೆ, ಘಂಟೆಯ ಕೆಳಗೆ, ಜ್ಞಾನಸ್ನಾನದ ಕಲ್ಲುತೊಟ್ಟಿಯ ಬಳಿ ನಿಲ್ಲಿಸಿರಿ. ಅಜ್ಜ ಅಜ್ಜಿಯರು ಇಲ್ಲಿ ಏನನ್ನು ಕಂಡರೆಂದು ಅವರಿಗೆ ಹೇಳಿರಿ. ಜೀರ್ಣೋದ್ಧಾರದ ಸಭೆ ಸೇರುವಾಗ ಮನೆಯ ಹಿರಿಯರನ್ನೂ ಮಾತನಾಡಲು ಬಿಡಿರಿ. ಗುರುಗಳಾದ ನಾವೂ ಆ ಸಭೆಯಲ್ಲಿ ಸೂತ್ರಗಳನ್ನು ಬದಿಗಿಟ್ಟು ಕೇಳಿಸಿಕೊಳ್ಳಲು ಕಲಿಯಬೇಕಾಗಿದೆ.